ಷಡ್ಜ ಎಲ್ಲಿದೆ ಎಂದು ಕೇಳಿ

ಟೊರ್ರಿ ಪೈನ್ಸ್‌ನಿಂದ ಲಾಸ್ ಏಂಜಲೀಸ್‌ವರೆಗಿನ ಕರಾವಳಿಯಲ್ಲಿ ಷಡ್ಜವನ್ನು ಕದಲದಂತೆ ಹಿಡಿದವರು ಬಾಳಿದರು, ಅದು ಬೇಡವೇ ಬೇಡ ಎಂದವರೂ ಬಾಳಿದರು. ಸರಳೆ ವರಸೆ ಕಲಿತು ಅಲ್ಲಿಗೇ ಬಿಟ್ಟ ಕನ್ನಡಿಗರಿಗೆ ಈ ನೆಲದಲ್ಲೊಂದು ಒಳ್ಳೆಯ ಪಾಠವಿದೆ.

ಸ್ಯಾನ್ ಡಿಯಾಗೊ ನಗರದ ಉತ್ತರ ಅಂಚಿನಲ್ಲಿ, ಪೆಸಿಫಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ಕಂದುಬಣ್ಣದ ಕಡಿದಾದ ದಿಬ್ಬಗಳ ಮೇಲೆ ಟೊರ್ರಿ ಪೈನ್ಸ್ ಇದೆ. ಕಡಲಗಾಳಿಗೆ ಮೈ ತಿರುಚಿಕೊಂಡು ಬೆಳೆಯುವ ಟೊರ್ರಿ ಪೈನ್ ಮರ ಜಗತ್ತಿನಲ್ಲಿ ತಾನಾಗಿ ಬೆಳೆಯುವುದು ಎರಡೇ ಕಡೆ. ಒಂದು ಈ ಕರಾವಳಿ, ಇನ್ನೊಂದು ಸಾಂಟಾ ರೋಸಾ ದ್ವೀಪ. ಹೊರಗಿನವರಿಗೆ ಈ ಜಾಗ ಗೊತ್ತಿರುವುದು ಗಾಲ್ಫ್ ಮೈದಾನದಿಂದ, ಲೂಯಿ ಕಾನ್ ವಿನ್ಯಾಸ ಮಾಡಿದ ಸಾಲ್ಕ್ ಇನ್‌ಸ್ಟಿಟ್ಯೂಟ್‌ನಿಂದ, ಯುಸಿ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದಿಂದ. ಔಷಧ ಸಂಶೋಧನೆ, ಮೊಬೈಲ್ ಚಿಪ್ಪು ಎಂದು ಇಲ್ಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳೂ ಸಾಕಷ್ಟಿವೆ.

ಸಂಗೀತದ ಕಣ್ಣಿನಿಂದ ನೋಡಿದರೆ ಈ ಕರಾವಳಿ ಬೇರೆಯೇ ಆಗಿ ಕಾಣುತ್ತದೆ. ಪಂಡಿತ್ ರವಿಶಂಕರ್ ಬದುಕಿನ ಕೊನೆಯ ವರ್ಷಗಳಲ್ಲಿ ಮನೆ ಮಾಡಿದ್ದು ಟೊರ್ರಿ ಪೈನ್ಸ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯೊಳಗಿನ ದಾರಿಯಾದ ಎನ್ಸಿನಿಟಾಸ್‌ನಲ್ಲಿ. 2012ರ ನವೆಂಬರ್ 4ರಂದು ಲಾಂಗ್ ಬೀಚ್‌ನಲ್ಲಿ ಮಗಳು ಅನೂಷ್ಕಾ ಜೊತೆ ಕೊನೆಯ ಕಛೇರಿ ನುಡಿಸಿದ ಅವರು, ಡಿಸೆಂಬರ್ 11ರಂದು ಲಾ ಹೋಯಾದ ಸ್ಕ್ರಿಪ್ಸ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಎನ್ಸಿನಿಟಾಸ್‌ನಲ್ಲಿ ಅವರಿಗಿಂತ ಬಹಳ ಮೊದಲು ಹ್ಯಾರಿ ಪಾರ್ಚ್ ಎಂಬ ವಿಲಕ್ಷಣ ಸಂಗೀತಕಾರ ಬದುಕಿದ್ದರು. ಒಂದು ಸ್ಥಾಯಿಯಲ್ಲಿ 12 ಸ್ವರ ಸಾಲದು, 43 ಬೇಕು ಎಂದವರು ಅವರು. ಉತ್ತರದ ಲಾಸ್ ಏಂಜಲೀಸ್‌ನಲ್ಲಿ 1934ರಿಂದ 1951ರವರೆಗೆ ಆರ್ನಾಲ್ಡ್ ಶೋನ್‌ಬರ್ಗ್ ಇದ್ದರು. 12 ಸ್ವರಗಳಲ್ಲಿ ಯಾವುದೂ ದೊಡ್ಡದಲ್ಲ, ಯಾವುದೂ ಷಡ್ಜವಲ್ಲ ಎಂದವರು ಅವರು. ಇನ್ನು ಇದೇ ಯುಸಿ ಸ್ಯಾನ್ ಡಿಯಾಗೊದಲ್ಲಿ ಡಯಾನಾ ಡಾಯ್ಚ್ ಎಂಬ ಮನೋವಿಜ್ಞಾನಿ, ನಮ್ಮ ಕಿವಿ ಸ್ವರವನ್ನು ಹೇಗೆ ಕೇಳುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ದಶಕಗಳನ್ನೇ ಕಳೆದರು.

ಈ ನಾಲ್ವರ ಹಾದಿ ನಾಲ್ಕು ದಿಕ್ಕಿಗೆ. ಆದರೆ ನಾಲ್ವರೂ ಸುತ್ತಿದ್ದು ಒಂದೇ ಸಂಗತಿಯ ಸುತ್ತ. ಶಾಸ್ತ್ರೀಯ ಸಂಗೀತ ಅರ್ಥವಾಗುವುದಿಲ್ಲ ಎನ್ನುವ ಕೇಳುಗರು ಮೊದಲು ಹಿಡಿಯಬೇಕಾದದ್ದೂ ಅದನ್ನೇ: ಷಡ್ಜ ಎಲ್ಲಿದೆ?

ಅರ್ಥವಾಗುವುದಿಲ್ಲ ಎಂಬ ಮಾತು

‘ಸಂಗೀತ ಅನುಭವಿಸಲು ಶಾಸ್ತ್ರ ಬೇಡ, ಸುಮ್ಮನೆ ಕೇಳಿ’ ಎನ್ನುವವರಿದ್ದಾರೆ. ‘ಶಾಸ್ತ್ರ ಕಲಿಯದೆ ಕೇಳಿದರೆ ಏನು ಪ್ರಯೋಜನ’ ಎನ್ನುವವರೂ ಇದ್ದಾರೆ. ಮೊದಲನೆಯ ಮಾತು ನಂಬಿ ಕಛೇರಿಗೆ ಹೋದವರಿಗೆ ಎರಡನೇ ಆಲಾಪನೆಯ ಹೊತ್ತಿಗೆ ಕಣ್ಣೆಳೆಯುತ್ತದೆ. ಎರಡನೆಯದನ್ನು ನಂಬಿದವರು 72 ಮೇಳಕರ್ತ ರಾಗಗಳ ಪಟ್ಟಿ ಬಾಯಿಪಾಠ ಮಾಡಲು ಕೂತು, ಹನ್ನೆರಡನೆಯದಕ್ಕೆ ಪುಸ್ತಕ ಮುಚ್ಚುತ್ತಾರೆ. ನಡುವಿನ ದಾರಿ ಇದೆ. ಕಿವಿಗೆ ಮೊದಲು ಒಂದು ಕೆಲಸ ಕೊಡಬೇಕು, ಆ ಕೆಲಸಕ್ಕೆ ಬೇಕಾದಷ್ಟೇ ಶಾಸ್ತ್ರವನ್ನು ಆಮೇಲೆ ಕಲಿಯಬೇಕು.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಬಾಂಗ್ಲಾದೇಶ ಸಹಾಯಾರ್ಥ ಕಛೇರಿಯ ಪ್ರಸಂಗ ಬಹಳ ಮಂದಿಗೆ ಗೊತ್ತು. ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ವಾದ್ಯಗಳನ್ನು ಶ್ರುತಿ ಮಾಡಿಕೊಂಡು ನಿಲ್ಲಿಸಿದ ಕೂಡಲೇ ಸಭೆ ಚಪ್ಪಾಳೆ ಹೊಡೆಯಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ಇನ್ನು ನುಡಿಸುವುದೂ ಹಿಡಿಸೀತು ಎಂದು ರವಿಶಂಕರ್ ನಗುತ್ತ ಹೇಳಿದರು. ಅದನ್ನು ಅಮೆರಿಕನ್ನರ ಅಜ್ಞಾನ ಎಂದು ನಗುವುದು ಸುಲಭ. ಆದರೆ ನಮ್ಮ ಸಭೆಗಳಲ್ಲೂ ತಂಬೂರಿ ಶ್ರುತಿ ಮಾಡುವ ಹೊತ್ತೆಂದರೆ ಮೊಬೈಲ್ ನೋಡುವ ಹೊತ್ತು. ಅಲ್ಲಿ ಚಪ್ಪಾಳೆ ಹೊಡೆದವರು ಕನಿಷ್ಠ ಕಿವಿಗೊಟ್ಟು ಕೇಳಿದ್ದರು.

ತಮ್ಮ ಕೇಳುಗರನ್ನು ರವಿಶಂಕರ್ ತಾವೇ ತಯಾರು ಮಾಡಿಕೊಂಡರು. ಪಶ್ಚಿಮದ ವೇದಿಕೆಗಳಲ್ಲಿ ನುಡಿಸುವ ಮೊದಲು ರಾಗದ ಸ್ವರಗಳೇನು, ತಾಳಕ್ಕೆ ಎಷ್ಟು ಮಾತ್ರೆ ಎಂದು ಎರಡು ಮಾತಿನಲ್ಲಿ ತಿಳಿಸುತ್ತಿದ್ದರು. 1967ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಿನ್ನರ ಸಂಗೀತ ಶಾಲೆ ತೆರೆದರು. 1973ರಲ್ಲಿ ಶಿಷ್ಯ ಹರಿಹರ ರಾವ್ ಜೊತೆ ಸೇರಿ ಮ್ಯೂಸಿಕ್ ಸರ್ಕಲ್ ಎಂಬ ಕಛೇರಿ ಸಂಸ್ಥೆ ಕಟ್ಟಿದರು. ಅವರ ಇನ್ನೊಬ್ಬ ಶಿಷ್ಯ, ಸಿತಾರ್ ವಾದಕ ಕಾರ್ತಿಕ್ ಶೇಷಾದ್ರಿ, ಯುಸಿ ಸ್ಯಾನ್ ಡಿಯಾಗೊದ ಸಂಗೀತ ವಿಭಾಗದಲ್ಲೇ ಭಾರತೀಯ ಸಂಗೀತದ ಪಾಠ ಹೇಳುತ್ತ ಬಂದರು.

ಯಾರೂ ಮೀಟದ ಗಾಂಧಾರ

ಷಡ್ಜ ಎಂದರೆ ಒಂದು ನಿಗದಿತ ಎತ್ತರದ ಧ್ವನಿಯಲ್ಲ. ಹಾಡುವವರ ಗಂಟಲಿಗೆ ಒಗ್ಗುವ ಯಾವ ಧ್ವನಿಯೂ ಷಡ್ಜವಾಗಬಹುದು. ಅದಕ್ಕೇ ಯಕ್ಷಗಾನದ ಭಾಗವತರಿಂದ ಹಿಡಿದು ಧಾರವಾಡದ ಗಾಯಕರವರೆಗೆ ಎಲ್ಲರೂ ಹಾರ್ಮೋನಿಯಂ ಮನೆ ಹಿಡಿದು ಬಿಳಿ ಒಂದು, ಕಪ್ಪು ಎರಡು ಎಂದು ತಮ್ಮ ತಮ್ಮ ಶ್ರುತಿ ಹೇಳುತ್ತಾರೆ. ಷಡ್ಜ ಒಮ್ಮೆ ನಿಂತರೆ ಉಳಿದ ಸ್ವರಗಳಿಗೆಲ್ಲ ಅದರಿಂದ ಎಷ್ಟು ದೂರ ಎನ್ನುವುದೇ ವಿಳಾಸ.

ಲೆಕ್ಕಕ್ಕೆ ಷಡ್ಜ ಸೆಕೆಂಡಿಗೆ 240 ಕಂಪನ ಎನ್ನೋಣ. ತಾರ ಷಡ್ಜ ಅದರ ಇಮ್ಮಡಿ, 480. ಪಂಚಮ ಒಂದೂವರೆ ಪಟ್ಟು, 360. ಶುದ್ಧ ಮಧ್ಯಮ 320, ಅಂತರ ಗಾಂಧಾರ 300. ಇವೆಲ್ಲ ಚಿಕ್ಕ ಪೂರ್ಣ ಸಂಖ್ಯೆಗಳ ಅನುಪಾತಗಳು: 2:1, 3:2, 4:3, 5:4. ಅನುಪಾತ ಸರಳವಾದಷ್ಟೂ ಎರಡು ಸ್ವರಗಳು ಒಂದರೊಳಗೊಂದು ಕರಗುತ್ತವೆ.

ಇದನ್ನು ನಂಬಲು ಪುಸ್ತಕ ಬೇಡ, ತಂಬೂರಿ ಸಾಕು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಮೀಟುವುದು ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ ಮಾತ್ರ. ಆದರೂ ಸ್ವಲ್ಪ ಹೊತ್ತು ಕಿವಿಗೊಟ್ಟರೆ ಗಾಂಧಾರ ಕೇಳಿಸುತ್ತದೆ. ಹಿರಿಯರು ಇದನ್ನು ಸ್ವಯಂಭೂ ಗಾಂಧಾರ ಎಂದರು. ಯಾವ ತಂತಿಯೂ ಒಂದೇ ಕಂಪನದಲ್ಲಿ ನುಡಿಯುವುದಿಲ್ಲ, ಅದರ ಎರಡು, ಮೂರು, ನಾಲ್ಕು, ಐದು ಪಟ್ಟುಗಳೂ ಜೊತೆಗೇ ಹೊಮ್ಮುತ್ತವೆ. 120ರ ಮಂದ್ರ ಷಡ್ಜದ ಐದು ಪಟ್ಟು 600. ಅದು ಗಾಂಧಾರವಾದ 300ರ ಇಮ್ಮಡಿ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆ, ಅಂದರೆ ಜೀವಾಳ, ಈ ಮೇಲಿನ ಧ್ವನಿಗಳನ್ನು ಎಬ್ಬಿಸಿ ಕಿವಿಗೆ ತಲುಪಿಸುತ್ತದೆ. ಸಂಗೀತಶಾಸ್ತ್ರದ ಮೊದಲ ಅಧ್ಯಾಯ ಇಷ್ಟೇ. ಅದನ್ನು ಕಣ್ಣು ಮುಚ್ಚಿ ಓದಬಹುದು.

ಎರಡನೇ ಅಧ್ಯಾಯ ನಮ್ಮಲ್ಲಿ ಬಹುಪಾಲು ಜನ ಚಿಕ್ಕಂದಿನಲ್ಲೇ ಓದಿದ್ದು. ಸರಳೆ, ಜಂಟಿ, ಅಲಂಕಾರ ಎಂದು ಪಾಠಗಳನ್ನು ಅಣಿಗೊಳಿಸಿದವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನೇ ಆರಿಸಿದ್ದರ ಹಿಂದೆ ಜಾಣತನವಿದೆ. ‘ಸರಿಗಮ’ದಲ್ಲಿ ಸ್ವರಗಳ ನಡುವಿನ ಅಂತರ ಹೇಗೆ ಸಣ್ಣದು, ದೊಡ್ಡದು, ಸಣ್ಣದು ಎಂದಿದೆಯೋ ‘ಪದನಿಸ’ದಲ್ಲೂ ಹಾಗೇ ಇದೆ. ಕೆಳಗಿನ ಅರ್ಧ ಕಲಿತ ಮಗು ಮೇಲಿನ ಅರ್ಧವನ್ನೂ ಕಲಿತ ಹಾಗೆ. ಗೀತೆಯವರೆಗೆ ಬಂದು ಪರೀಕ್ಷೆ, ಕಾಲೇಜು, ಕೆಲಸ ಎಂದು ಪಾಠ ಬಿಟ್ಟವರ ಕಿವಿಯಲ್ಲಿ ಈ ಗಂಟು ಇನ್ನೂ ಭದ್ರವಾಗಿದೆ. ಪಾಶ್ಚಾತ್ಯ ಸಂಗೀತಕ್ಕೂ ಅದನ್ನು ಖರ್ಚು ಮಾಡಬಹುದು ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ.

ಹೇಡನ್ ಬರೆದ ಜಂಟಿ ವರಸೆ

ಜೋಸೆಫ್ ಹೇಡನ್ 1792ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಸಿದ 94ನೇ ಸಿಂಫೊನಿಯ ಎರಡನೇ ಭಾಗವನ್ನು ಒಮ್ಮೆ ಹಾಕಿಕೊಳ್ಳಿ. ಯೂಟ್ಯೂಬಿನಲ್ಲಿ ಹತ್ತಾರು ವಾದ್ಯವೃಂದಗಳ ಧ್ವನಿಮುದ್ರಣ ಸಿಗುತ್ತದೆ. ಶಂಕರಾಭರಣದ ಸ್ವರಗಳಲ್ಲಿ ಹೇಳುವುದಾದರೆ ಅದು ಶುರುವಾಗುವುದು ಹೀಗೆ: ಸಸ ಗಗ ಪಪ ಗ, ಮಮ ರಿರಿ ನಿನಿ ಪ. ಪಿಟೀಲುಗಳು ಮೆಲ್ಲಗೆ ನುಡಿಸುವ ಇದು ನಮ್ಮ ಜಂಟಿ ವರಸೆಯಲ್ಲದೆ ಮತ್ತೇನು? ನಾಲ್ಕನೇ ಪಾದದಲ್ಲಿ ಮಾತ್ರ ಒಂದು ಹೊಸ ಸ್ವರ ಬರುತ್ತದೆ: ಸಸ ಮಮ ಪ. ಇಲ್ಲಿನ ಮಧ್ಯಮ ಶುದ್ಧವಲ್ಲ, ಪ್ರತಿಮಧ್ಯಮ. ಸಾಲನ್ನು ಇನ್ನೂ ಮೆಲ್ಲಗೆ ಮತ್ತೊಮ್ಮೆ ನುಡಿಸಿ, ನಿದ್ದೆ ಹತ್ತುವ ಹೊತ್ತಿಗೆ ಇಡೀ ವಾದ್ಯವೃಂದ ಒಮ್ಮೆಲೇ ಧಡಾರನೆ ಬಡಿಯುತ್ತದೆ. ಆ ಬಡಿತದಲ್ಲಿ ಇರುವುದು ಪಂಚಮ, ನಿಷಾದ, ರಿಷಭ ಮೂರೂ ಒಟ್ಟಿಗೆ.

ಆ ಪ್ರತಿಮಧ್ಯಮ ಯಾಕೆ ಬಂತು? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗುಟ್ಟು ಅಲ್ಲಿದೆ. ನಮ್ಮ ಕಛೇರಿಯಲ್ಲಿ ಷಡ್ಜ ಮೊದಲಿನಿಂದ ಮಂಗಳದವರೆಗೆ ಕದಲುವುದಿಲ್ಲ, ರಾಗ ಬದಲಾಗುತ್ತ ಹೋಗುತ್ತದೆ. ಅವರಲ್ಲಿ ಮೇಜರ್, ಮೈನರ್ ಎಂದು ಎರಡೇ ಮುಖ್ಯ ಸ್ವರಶ್ರೇಣಿಗಳು, ಷಡ್ಜ ಬದಲಾಗುತ್ತ ಹೋಗುತ್ತದೆ. ಮೇಜರ್ ಶ್ರೇಣಿ ನಮ್ಮ 29ನೇ ಮೇಳ ಶಂಕರಾಭರಣದ ಸ್ವರಗಳು. ಮೈನರ್‌ನ ಒಂದು ರೂಪ 20ನೆಯ ನಠಭೈರವಿಯ ಸ್ವರಗಳು, ಇನ್ನೊಂದು 21ನೆಯ ಕೀರವಾಣಿಯವು. ಸಂಗೀತ ಶಂಕರಾಭರಣದಲ್ಲಿ ಶುರುವಾಗಿ, ಸ್ವಲ್ಪ ಹೊತ್ತಿಗೆ ಪಂಚಮವನ್ನೇ ಷಡ್ಜವಾಗಿಸಿಕೊಂಡು ಅಲ್ಲೂ ಶಂಕರಾಭರಣವನ್ನೇ ಹಾಡುತ್ತದೆ.

ಗ್ರಹಭೇದ ಕೇಳಿ ಗೊತ್ತಿರುವವರು ಇಲ್ಲಿ ಎಚ್ಚರವಾಗಬೇಕು. ಶಂಕರಾಭರಣದ ಸ್ವರಗಳನ್ನು ಮುಟ್ಟದೆ ಪಂಚಮವನ್ನು ಷಡ್ಜ ಎಂದುಕೊಂಡರೆ ನಮಗೆ ಸಿಗುವುದು ಹರಿಕಾಂಭೋಜಿ. ಅವರಿಗೆ ಹರಿಕಾಂಭೋಜಿ ಬೇಡ, ಹೊಸ ಜಾಗದಲ್ಲೂ ಶಂಕರಾಭರಣವೇ ಬೇಕು. ಅದಕ್ಕಾಗಿ ಒಂದು ಸ್ವರವನ್ನು ಏರಿಸುತ್ತಾರೆ, ಹಳೆಯ ಶುದ್ಧ ಮಧ್ಯಮ ಪ್ರತಿಮಧ್ಯಮವಾಗುತ್ತದೆ. ಹಳೆಯ ಷಡ್ಜದಲ್ಲೇ ನಿಂತು ಕೇಳುವ ಕನ್ನಡ ಕಿವಿಗೆ ಆಗ ಕಲ್ಯಾಣಿಯ ಸ್ವರಗಳು ಸುಳಿದ ಹಾಗಾಗುತ್ತದೆ. ಹೇಡನ್‌ನ ಆ ಒಂದು ಸ್ವರ ಹೇಳುವುದು ಇದನ್ನೇ: ಷಡ್ಜ ಹೊರಟಿತು, ಪಂಚಮದ ಕಡೆ ನೋಡಿ. ನಮ್ಮ ಗ್ರಹಭೇದ ಮನೆಯೊಳಗೇ ಬೇರೆ ಕೋಣೆಯಲ್ಲಿ ಕೂತು ಅದೇ ಮನೆಯನ್ನು ನೋಡಿದ ಹಾಗೆ. ಅವರದು ಪಾತ್ರೆಪಡಗ ಹೊತ್ತು ಪಕ್ಕದ ಮನೆಯಲ್ಲಿ ಸಂಸಾರ ಹೂಡಿದ ಹಾಗೆ.

ಹೇಡನ್, ಮೊಜಾರ್ಟ್, ಬೀಥೋವನ್ ಬರೆದ ಸೊನಾಟಾ ರೂಪದ ಕೃತಿಗಳ ಕಥೆ ಹೆಚ್ಚೂ ಕಡಿಮೆ ಈ ಪ್ರಯಾಣವೇ. ಮೊದಲ ವಿಷಯ ಮೂಲ ಷಡ್ಜದಲ್ಲಿ ಬರುತ್ತದೆ. ಮೇಜರ್ ಕೃತಿಗಳಲ್ಲಿ ಎರಡನೇ ವಿಷಯ ಸಾಮಾನ್ಯವಾಗಿ ಪಂಚಮಕ್ಕೆ ಸರಿದ ಷಡ್ಜದಲ್ಲಿರುತ್ತದೆ. ನಡುವೆ ಷಡ್ಜ ಎಲ್ಲೆಲ್ಲೋ ಅಲೆಯುತ್ತದೆ. ಕೊನೆಗೆ ಎರಡೂ ವಿಷಯಗಳು ಮೂಲ ಷಡ್ಜಕ್ಕೆ ಮರಳಿದಾಗ ಸಭಿಕರಿಗೆ ಆಗುವ ಸಮಾಧಾನ, ನಮ್ಮಲ್ಲಿ ಸ್ವರಕಲ್ಪನೆ ಸುತ್ತಿ ಬಳಸಿ ಪಲ್ಲವಿಯ ಎಡುಪಿಗೆ ಬಂದು ಬಿದ್ದಾಗಿನ ಸಮಾಧಾನದ ಜಾತಿಯದೇ. ಬಹಳಷ್ಟು ಸಿಂಫೊನಿಗಳ ಮುಕ್ತಾಯದಲ್ಲಿ ‘ಪ-ನಿ-ರಿ’ ಗುಂಪೂ ‘ಸ-ಗ-ಪ’ ಗುಂಪೂ ಒಂದಾದಮೇಲೊಂದು ಬರುತ್ತವೆ. ಕಾಕಲಿ ನಿಷಾದ ಹಿಡಿದು ನಿಲ್ಲಿಸಿದರೆ ಷಡ್ಜಕ್ಕಾಗಿ ಹೇಗೆ ಚಡಪಡಿಸುತ್ತೇವೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೀಥೋವನ್‌ನ ತುಂಟತನ ನೋಡಿ. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ ಅವನ ಐದನೇ ಸಿಂಫೊನಿಯ ಆರಂಭ ಎಲ್ಲರ ಕಿವಿಗೂ ಬಿದ್ದಿದೆ. ಸ್ವರ ಹಾಕಿದರೆ ಅದು ಪಪಪ ಗ, ಮಮಮ ರಿ, ಗಾಂಧಾರ ಇಲ್ಲಿ ಸಾಧಾರಣ. ಇಷ್ಟರಲ್ಲಿ ಷಡ್ಜವೇ ಇಲ್ಲ! ಎಲ್ಲಿ ನಿಂತಿದ್ದೇವೆ ಎಂದು ತಿಳಿಯದ ಆ ಕೆಲವು ಕ್ಷಣಗಳ ದಿಗಿಲು ಬೇಕೆಂದೇ ಕಟ್ಟಿದ್ದು. ಮೈನರ್‌ನಲ್ಲಿ ಶುರುವಾದ ಅದೇ ಸಿಂಫೊನಿ ಕೊನೆಯ ಭಾಗದಲ್ಲಿ ಮೇಜರ್‌ಗೆ ತಿರುಗಿ, ಷಡ್ಜವನ್ನು ಅನುಮಾನವೇ ಉಳಿಯದಂತೆ ಬಾರಿಬಾರಿಗೂ ಸಾರುತ್ತ ಮುಗಿಯುತ್ತದೆ.

ಊರೂರು ಸುತ್ತಿದ್ದಕ್ಕೆ ಕೊಟ್ಟ ಬೆಲೆ

ಷಡ್ಜ ಸಂಚಾರಕ್ಕೆ ಹೊರಟದ್ದಕ್ಕೆ ಪಾಶ್ಚಾತ್ಯ ಸಂಗೀತ ಬೆಲೆಯನ್ನೂ ತೆತ್ತಿದೆ. ಪಿಯಾನೊದ ಮನೆಗಳನ್ನು ಒಂದು ಷಡ್ಜಕ್ಕೆ ಶುದ್ಧವಾಗಿ ಶ್ರುತಿ ಮಾಡಿದರೆ ಇನ್ನೊಂದು ಷಡ್ಜಕ್ಕೆ ಅವು ಅಪಸ್ವರ. ಎಲ್ಲ ಮನೆಗಳೂ ಷಡ್ಜವಾಗಬೇಕಾದರೆ ಪ್ರತಿ ಸ್ವರವೂ ಚೂರುಪಾರು ರಾಜಿಯಾಗಬೇಕು. ಹಾಗೆ ಬಂದದ್ದು ಸ್ಥಾಯಿಯನ್ನು 12 ಸಮಪಾಲು ಮಾಡುವ ಪದ್ಧತಿ. ಅದರಲ್ಲಿ 240ರ ಷಡ್ಜಕ್ಕೆ ಗಾಂಧಾರ 300 ಅಲ್ಲ, ಸುಮಾರು 302.4. ತಂಬೂರಿಯ ಸ್ವಯಂಭೂ ಗಾಂಧಾರದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕೇಳಿಸುತ್ತದೆ. ನಮ್ಮ ಷಡ್ಜ ಒಂದೇ ಕಡೆ ಕೂತಿರುವುದರಿಂದ ನಮ್ಮ ಸ್ವರಗಳಿಗೆ ಈ ರಾಜಿಯ ಹಂಗಿಲ್ಲ. ಅವು ಶುದ್ಧವಾಗಿ ನಿಲ್ಲಬಹುದು, ಗಮಕದಲ್ಲಿ ಓಲಾಡಬಹುದು, ತೋಡಿಯ ಗಾಂಧಾರದಂತೆ ಒಂದು ಬಿಂದುವಾಗದೆ ಒಂದು ಚಲನೆಯೇ ಆಗಬಹುದು. ಅವರಿಗೆ ಸಿಕ್ಕಿದ್ದು ಹಲವು ಸ್ವರ ಒಟ್ಟಿಗೆ ನುಡಿಯುವ ಹಾರ್ಮನಿ, ನಮಗೆ ಸಿಕ್ಕಿದ್ದು ಒಂದು ಸ್ವರದೊಳಗೇ ಇಳಿಯುವ ಗಮಕ. ಯಾವುದು ಮೇಲು ಎಂಬ ಜಗಳ ಇಲ್ಲಿ ಹುಟ್ಟುವುದಿಲ್ಲ, ಎರಡೂ ಬೇರೆ ಬೇರೆ ಆಯ್ಕೆಗಳ ಫಲ.

ಎರಡು ಲೋಕಗಳೂ ಹೆಚ್ಚೂ ಕಡಿಮೆ ಒಂದೇ ಕಾಲದಲ್ಲಿ ತಮ್ಮ ತಮ್ಮ ನಕ್ಷೆ ಬರೆದುಕೊಂಡವು. 17ನೇ ಶತಮಾನದ ನಡುವಿನಲ್ಲಿ ತಂಜಾವೂರಿನ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕ ಇಟ್ಟರು. ಅವರ ತಂದೆ, ನಾಯಕ ಅರಸರ ಮಂತ್ರಿ ಗೋವಿಂದ ದೀಕ್ಷಿತರದು ಕನ್ನಡ ಮನೆತನ. ಲೆಕ್ಕ ಸುಲಭ: ಸ, ಪ ಕದಲುವುದಿಲ್ಲ. ರಿ-ಗ ಜೋಡಿಗೆ 6 ಬಗೆ, ದ-ನಿ ಜೋಡಿಗೆ 6 ಬಗೆ, ಮಧ್ಯಮಕ್ಕೆ 2. ಗುಣಿಸಿದರೆ 72. ಅತ್ತ ಜರ್ಮನಿಯಲ್ಲಿ ಬಾಖ್ 1722ರಲ್ಲಿ ಹನ್ನೆರಡು ಮನೆಗಳಲ್ಲೂ ಷಡ್ಜವಿಟ್ಟು, ಪ್ರತಿಯೊಂದಕ್ಕೂ ಮೇಜರ್ ಒಂದು, ಮೈನರ್ ಒಂದು ಎಂದು 24 ಜೋಡಿ ರಚನೆ ಮಾಡಿ ಒಂದು ಸಂಪುಟ ಕಟ್ಟಿದ. ಅಲ್ಲಿ ಶ್ರೇಣಿ ಎರಡು, ಷಡ್ಜ ಹನ್ನೆರಡು. ಇಲ್ಲಿ ಷಡ್ಜ ಒಂದು, ಶ್ರೇಣಿ ಎಪ್ಪತ್ತೆರಡು.

ಪಶ್ಚಿಮದಲ್ಲಿ ಈ ಅಲೆದಾಟ ಮಿತಿಮೀರಿ, 20ನೇ ಶತಮಾನದ ಹೊತ್ತಿಗೆ ಷಡ್ಜದ ಹಿಡಿತವೇ ಸಡಿಲವಾಯಿತು. ಹಾಗಾದರೆ ಷಡ್ಜವೇ ಯಾಕೆ ಎಂದು ಕೇಳಿದವರು ಶೋನ್‌ಬರ್ಗ್. ಹನ್ನೆರಡೂ ಸ್ವರಗಳನ್ನು ಒಂದು ಸಾಲಿನಲ್ಲಿ ಜೋಡಿಸಿ, ಒಂದು ಸ್ವರಕ್ಕೂ ಹೆಚ್ಚು ತೂಕ ಬಾರದಂತೆ ಆ ಸಾಲಿನಿಂದಲೇ ಸಂಗೀತ ಕಟ್ಟುವ ಪದ್ಧತಿಯನ್ನು ಅವರು 1920ರ ದಶಕದ ಆರಂಭದಲ್ಲಿ ರೂಪಿಸಿದರು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಯುರೋಪು ತೊರೆದು, ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ ಯುಸಿಎಲ್‌ಎಯಲ್ಲಿ ಪಾಠ ಹೇಳಿದರು. ಅವರ ಸಂಗೀತ ಒರಟು ಎಂದು ದೂರುವ ಮುನ್ನ ನೆನಪಿಡಬೇಕು: ಕಿವಿ ಅಲ್ಲಿ ಹುಡುಕುವುದು ಷಡ್ಜವನ್ನು, ಅವರು ಮಾಡಿದ್ದು ಅದು ಸಿಗಬಾರದೆಂಬ ಏರ್ಪಾಡನ್ನು. ಇಷ್ಟು ತಿಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ, ಇಷ್ಟಪಡುವುದು ಬಿಡುವುದು ಆಮೇಲಿನ ಮಾತು. ಪಾರ್ಚ್ ಹಿಡಿದದ್ದು ಇದಕ್ಕೆ ಎದುರಾದ ದಾರಿ. 12 ಸಮಪಾಲಿನ ರಾಜಿಯನ್ನೇ ಧಿಕ್ಕರಿಸಿ, ಶುದ್ಧ ಅನುಪಾತಗಳಿಗೆ ಮರಳಿ, 43 ಸ್ವರಗಳ ಶ್ರೇಣಿ ಮಾಡಿ, ಅದನ್ನು ನುಡಿಸುವ ವಾದ್ಯಗಳನ್ನು ಕೈಯಾರೆ ಕಟ್ಟಿದರು. 1974ರಲ್ಲಿ ಸ್ಯಾನ್ ಡಿಯಾಗೊದಲ್ಲಿ ತೀರಿಕೊಂಡರು. ಭರತನ 22 ಶ್ರುತಿಗಳ ಬಗ್ಗೆ ಓದಿದ ನಮಗೆ ಪಾರ್ಚ್ ಅಷ್ಟೇನೂ ಹುಚ್ಚನಾಗಿ ಕಾಣುವುದಿಲ್ಲ.

ಕಿವಿಗೂ ತಾಯ್ನುಡಿಯಿದೆ

ನಮಗೆ ಸಂಗೀತದ ಕಿವಿ ಇಲ್ಲ ಎಂದು ಹಲವರು ಹೇಳಿಕೊಳ್ಳುತ್ತಾರೆ. ಡಯಾನಾ ಡಾಯ್ಚ್ ಮಾಡಿದ ಒಂದು ಪ್ರಯೋಗ ಈ ಮಾತನ್ನು ಬೇರೆ ರೀತಿ ನೋಡುವಂತೆ ಮಾಡುತ್ತದೆ. ಒಂದು ಸ್ವರವನ್ನು ಹಲವು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಸಿದರೆ ಅದು ಯಾವ ಸ್ವರ ಎಂದು ತಿಳಿಯುತ್ತದೆ, ಯಾವ ಸ್ಥಾಯಿ ಎಂದು ತಿಳಿಯುವುದಿಲ್ಲ. ಅಂಥ ಎರಡು ಸ್ವರಗಳನ್ನು, ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವಷ್ಟು ದೂರದಲ್ಲಿ, ಅಂದರೆ ಸರಿಯಾಗಿ ಅರ್ಧ ಸ್ಥಾಯಿ ಅಂತರದಲ್ಲಿ, ಒಂದಾದ ಮೇಲೊಂದು ಕೇಳಿಸಿದರು. ಕೆಲವರು ಸ್ವರ ಏರಿತು ಎಂದರು, ಕೆಲವರು ಇಳಿಯಿತು ಎಂದರು. ಎರಡು ಗುಂಪಿಗೂ ತಮ್ಮದೇ ಸರಿ ಎಂಬ ಖಾತ್ರಿ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದವರೂ ದಕ್ಷಿಣ ಇಂಗ್ಲೆಂಡಿನವರೂ ಅದನ್ನು ಬೇರೆ ಬೇರೆ ಬಗೆಯಲ್ಲಿ ಕೇಳುತ್ತಾರೆ ಎಂದು ಕಂಡುಬಂತು. ಎರಡೂ ಕಡೆಯವರು ಆಡುವುದು ಇಂಗ್ಲಿಷೇ, ಆದರೆ ಆಡುವ ಧಾಟಿ ಬೇರೆ. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಮಾತಿನ ಏರಿಳಿತವೇ ಸ್ವರ ಕೇಳುವ ಅಚ್ಚನ್ನೂ ಹಾಕಿರುತ್ತದೆ ಎಂಬುದು ಅವರ ವಾದ. ಇದೇ ಡಾಯ್ಚ್ ಇನ್ನೊಂದನ್ನೂ ತೋರಿಸಿದರು. ಆಡುಮಾತಿನ ಒಂದು ತುಣುಕನ್ನು ಏನೂ ಬದಲಿಸದೆ ಮತ್ತೆ ಮತ್ತೆ ಕೇಳಿಸಿದರೆ, ಕೆಲವು ಆವರ್ತನದ ಬಳಿಕ ಅದು ಹಾಡಾಗಿ ಕೇಳತೊಡಗುತ್ತದೆ.

ಟೊರ್ರಿ ಪೈನ್ಸ್ ದಿಬ್ಬದ ಮೇಲೆಯೇ ಇದ್ದ ನ್ಯೂರೋಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಅನಿರುದ್ಧ್ ಪಟೇಲ್ ಸಂಗೀತ, ಭಾಷೆ ಮತ್ತು ಮಿದುಳಿನ ನಂಟನ್ನು ಅಧ್ಯಯನ ಮಾಡಿದರು. ಸಂಗೀತದ ಲಯಕ್ಕೆ ಕುಣಿಯುವ ಸ್ನೋಬಾಲ್ ಎಂಬ ಕಾಕಟೂ ಗಿಳಿಗೆ ಹಾಡಿನ ವೇಗ ಬದಲಿಸಿ ಕೇಳಿಸಿ, ಅದು ಆಗಾಗ ಹೊಸ ವೇಗಕ್ಕೂ ಹೆಜ್ಜೆ ಹೊಂದಿಸಿಕೊಳ್ಳುತ್ತದೆ ಎಂದು 2009ರಲ್ಲಿ ತೋರಿಸಿದರು. ಆ ಸಂಸ್ಥೆ ಕಟ್ಟಿದ ನೊಬೆಲ್ ವಿಜ್ಞಾನಿ ಜೆರಾಲ್ಡ್ ಎಡೆಲ್ಮನ್ ಎಳವೆಯಲ್ಲಿ ಪಿಟೀಲು ವಾದಕರಾಗಬೇಕೆಂದಿದ್ದವರು.

ಈ ಪ್ರಯೋಗಗಳಿಂದ ಕೇಳುಗರು ಕಲಿಯಬೇಕಾದ್ದು ಎರಡು. ಕೇಳುವುದು ಅಭ್ಯಾಸದಿಂದ ಬಂದದ್ದು, ಆದ್ದರಿಂದ ಹೊಸ ಅಭ್ಯಾಸಕ್ಕೂ ದಾರಿಯಿದೆ. ಆ ಅಭ್ಯಾಸಕ್ಕೆ ಬೇಕಾದ್ದು ಪುನರಾವರ್ತನೆ. ನೂರು ಕೃತಿ ಒಮ್ಮೊಮ್ಮೆ ಕೇಳುವುದಕ್ಕಿಂತ ಒಂದು ಕೃತಿ ಇಪ್ಪತ್ತು ಸಲ ಕೇಳುವುದು ಮೇಲು.

ಮೈಸೂರು ಮೊದಲೇ ಕೇಳಿತ್ತು

ಎರಡೂ ಸಂಗೀತಕ್ಕೆ ಒಂದೇ ಕಿವಿ ಕೊಡುವುದು ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ಅಭ್ಯಾಸ ಮಾಡಿದವರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದಾಗ ಆ ಕಛೇರಿಯ ಹಣಕಾಸಿಗೆ ಒತ್ತಾಸೆಯಾದವರೂ ಇವರೇ. ಅದೇ ಒಡೆಯರ್ ಮೈಸೂರು ವಾಸುದೇವಾಚಾರ್ಯರಂಥ ಆಸ್ಥಾನ ವಿದ್ವಾಂಸರ ಸಹವಾಸದಲ್ಲಿ ಕರ್ನಾಟಕ ಸಂಗೀತದ ಕಡೆ ಹೊರಳಿ 94 ಕೃತಿ ರಚಿಸಿದರು.

ಇಂದು ಸ್ಯಾನ್ ಡಿಯಾಗೊದ ಕಾರ್ಮೆಲ್ ವ್ಯಾಲಿ ಬಡಾವಣೆ, ಪಕ್ಕದ ಪೊವೇ ನಗರದಂಥ ಕಡೆಯ ಭಾರತೀಯ ಮನೆಗಳಲ್ಲಿ ಇದರ ಸಣ್ಣ ರೂಪ ನೋಡಬಹುದು. ಒಂದೇ ಮಗು ಶಾಲೆಯ ವಾದ್ಯವೃಂದದಲ್ಲಿ ಕುರ್ಚಿಯ ಮೇಲೆ ಕೂತು ವಯಲಿನ್ ನುಡಿಸುತ್ತದೆ, ವಾರಾಂತ್ಯದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಊರುತ್ತದೆ. ಅಲ್ಲಿ ನಾಲ್ಕು ತಂತಿಗಳೂ ಒಂದರಿಂದೊಂದು ಪಂಚಮದ ದೂರದಲ್ಲಿ, ಇಲ್ಲಿ ಸ-ಪ-ಸ-ಪ. ಮಗುವಿಗೆ ಇದೇನೂ ತೊಡಕಲ್ಲ. ತೊಡಕು ಅಪ್ಪ ಅಮ್ಮನಿಗೆ. ಶಾಲೆಯ ಕಾರ್ಯಕ್ರಮದಲ್ಲಿ ಅವರು ವಿಡಿಯೊ ತೆಗೆಯುತ್ತಾರೆ, ಮಗಳು ಏನು ನುಡಿಸಿದಳು ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ. ತಮಗೆ ಗೊತ್ತಿರುವ ಸರಿಗಮವೇ ಅಲ್ಲೂ ನಡೆದಿದೆ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು.

ಎಲ್ಲಿಂದ ಶುರು?

ಮೊದಲ ಅಭ್ಯಾಸಕ್ಕೆ ಖರ್ಚಿಲ್ಲ. ಯಾವುದೇ ಹಾಡು ಹಾಕಿ, ನಡುವೆ ನಿಲ್ಲಿಸಿ, ಷಡ್ಜ ಗುನುಗಿ. ನಮ್ಮ ಸಂಗೀತದಲ್ಲಿ ತಂಬೂರಿಯೇ ಉತ್ತರ ಹೇಳಿಕೊಡುತ್ತದೆ, ಆದ್ದರಿಂದ ಇಲ್ಲಿಂದ ಶುರು ಮಾಡಿ. ಆಮೇಲೆ ಹೇಡನ್‌ನ ಅದೇ ಭಾಗ ಹಾಕಿ, ಮೊದಲ ಸ್ವರವನ್ನೇ ಷಡ್ಜವೆಂದು ಮೆಲ್ಲಗೆ ಹಿಡಿದುಕೊಳ್ಳಿ. ಎಲ್ಲಿ ನೀವು ಹಿಡಿದ ಷಡ್ಜ ವಾದ್ಯಗಳೊಂದಿಗೆ ತಾಕಲಾಡುತ್ತದೋ ಅಲ್ಲಿ ಅವರ ಷಡ್ಜ ಸರಿದಿದೆ. ಆ ಜಾಗ ಗುರುತು ಹಿಡಿದ ದಿನ ಪಾಶ್ಚಾತ್ಯ ಸಂಗೀತದ ಬಾಗಿಲು ತೆರೆಯಿತು ಎಂದುಕೊಳ್ಳಿ.

ಎರಡನೆಯದು ತಾಳ. ಆದಿತಾಳದ 4+2+2 ಹಾಕಲು ಬಂದರೆ ಸಾಕು. ವಾದ್ಯವೃಂದದ ಮುಂದೆ ನಿಂತವರ ಕೈ ನೇರ ಕೆಳಗಿಳಿಯುವ ಏಟೇ ಪ್ರತಿ ಆವರ್ತದ ಸಮ. ಆಮೇಲೆ ಅದು ಮೂರರ ನಡೆಯೋ ನಾಲ್ಕರದೋ ಎಂದು ಎಣಿಸಿ.

ಮೂರನೆಯದು, ಒಂದು ತಿಂಗಳಿಗೆ ಒಂದೇ ರಾಗ. ಮೋಹನ ಒಳ್ಳೆಯ ಆಯ್ಕೆ, ಸ್ವರ ಐದೇ. ಅದರ ಹಿಂದೂಸ್ತಾನಿ ನೆಂಟ ಭೂಪ್ ಕೇಳಿ, ಆಮೇಲೆ ಅದೇ ಐದು ಸ್ವರಗಳ ದೇಶಕಾರ್ ಕೇಳಿ. ಭೂಪ್ ರಾತ್ರಿಯ ರಾಗ, ಗಾಂಧಾರದ ಮೇಲೆ ನಿಲ್ಲುತ್ತದೆ. ದೇಶಕಾರ್ ಬೆಳಗಿನದು, ಧೈವತದ ಮೇಲೆ ನಿಲ್ಲುತ್ತದೆ. ಸ್ವರಪಟ್ಟಿಯೇ ರಾಗವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಾಲ್ಕನೆಯದು, ಎದುರು ಕೂತು ಕೇಳಿ. ಸ್ಯಾನ್ ಡಿಯಾಗೊದ ಬಾಲ್ಬೋವಾ ಪಾರ್ಕಿನಲ್ಲಿ 1914ರ ಕೊನೆಯ ದಿನ ಉದ್ಘಾಟನೆಯಾದ ಸ್ಪ್ರೆಕಲ್ಸ್ ಆರ್ಗನ್ ಇದೆ. 5,000ಕ್ಕೂ ಹೆಚ್ಚು ಕೊಳವೆಗಳ ಈ ಬಯಲು ವಾದ್ಯದ ಭಾನುವಾರ ಮಧ್ಯಾಹ್ನದ ಕಛೇರಿಗಳಿಗೆ ಟಿಕೆಟ್ ಇಲ್ಲ. ಲಾ ಹೋಯಾದಲ್ಲಿ 2019ರಲ್ಲಿ ತೆರೆದ ‘ದಿ ಕಾನ್ರಾಡ್’ ಸಭಾಂಗಣದ ಧ್ವನಿ ವಿನ್ಯಾಸ ಯಸುಹಿಸಾ ಟೊಯೊಟಾ ಅವರದು, ಲಾಸ್ ಏಂಜಲೀಸ್‌ನ ವಾಲ್ಟ್ ಡಿಸ್ನಿ ಕಾನ್ಸರ್ಟ್ ಹಾಲ್‌ನದೂ ಅವರದೇ. ಇಂಡಿಯನ್ ಫೈನ್ ಆರ್ಟ್ಸ್ ಅಕಾಡೆಮಿ ಆಫ್ ಸ್ಯಾನ್ ಡಿಯಾಗೊ ವಸಂತದಲ್ಲಿ ಸಂಗೀತ ನೃತ್ಯೋತ್ಸವ ನಡೆಸುತ್ತದೆ. ಬೆಂಗಳೂರಿನವರಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳಿವೆ, ಪಾಶ್ಚಾತ್ಯ ಸಂಗೀತಕ್ಕೆ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ.

ಒಂದು ಮಾತು ಬಾಕಿ. ಕಛೇರಿ ಕೇಳುವಾಗ ಇದು ಯಾವ ರಾಗ ಎಂಬ ಪ್ರಶ್ನೆ ಎಲ್ಲರಿಗೂ ಮೊದಲು ಬರುತ್ತದೆ. ಪಕ್ಕದವರು ಹೆಸರು ಹೇಳಿದ ಕೂಡಲೇ ನೆಮ್ಮದಿಯಾಗಿ ಕೇಳುವುದನ್ನೇ ನಿಲ್ಲಿಸಿಬಿಡುತ್ತೇವೆ. ಹೆಸರು ಕೊನೆಗಿರಲಿ. ಷಡ್ಜ ಹಿಡಿಯಿರಿ, ಗಾಯಕರು ಯಾವ ಸ್ವರದ ಮೇಲೆ ನಿಂತು ಉಸಿರೆಳೆದುಕೊಳ್ಳುತ್ತಾರೆ ನೋಡಿ, ತಾಳ ಹಾಕಿ. ವಯಸ್ಸು ಎಷ್ಟಾದರೂ ಆಗಿರಲಿ, ಪಾಠ ಎಲ್ಲಿಗೇ ನಿಂತಿರಲಿ, ಇಷ್ಟನ್ನು ಈ ವಾರವೇ ಶುರು ಮಾಡಬಹುದು.